ತೀರ್ಪಿಗೆ ಮೊದಲು ಹಾಕಿದ ವೋಟು

ಕಾರ್ಮಿಕ ನ್ಯಾಯಾಲಯದ ಕಾರಿಡಾರಿನಲ್ಲಿ ಕುರ್ಚಿಗಳಿದ್ದವು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಇದ್ದಿರಬಹುದು. ನಾನಂತೂ ಕೂತಿರಲಿಲ್ಲ.

ಕಂಪ್ಯೂಟರ್ ಕೆಲಸದವರಿಗೆಂದು ಆಗ ಜರ್ಮನಿ ಕೆಲವೇ ವರ್ಷಗಳ ಮಟ್ಟಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿಗೆ ಹೋಗಿದ್ದ ನನ್ನನ್ನು ಸಾಫ್ಟ್‌ವೇರ್ ಕಂಪನಿ ಕೆಲಸದಿಂದ ತೆಗೆದಿತ್ತು. ಕೆಲಸ ಹೋದರೆ ಅಲ್ಲಿರುವ ಪರವಾನಗಿಯೂ ಅಲುಗಾಡುತ್ತದೆ. ವಜಾ ಮಾಡಿದ್ದು ತಪ್ಪೆಂದು ದಾವೆ ಹೂಡಿದ್ದೆ. ಅಂದು ವಿಚಾರಣೆ ಮುಗಿದು, ನ್ಯಾಯಾಧೀಶೆಯೂ ಅವರ ಎಡಬಲಕ್ಕಿದ್ದ ಇಬ್ಬರು ಸದಸ್ಯರೂ ಸಮಾಲೋಚನೆಗೆ ಒಳಗೆ ಹೋಗಿದ್ದರು. ಜೊತೆಗಿದ್ದವನು ಹುಬ್ಬಳ್ಳಿಯ ಗೆಳೆಯ. ಅದೇ ಊರಿನ ಫೊಯರ್‌ಬಾಕ್ ಬಡಾವಣೆಯ ಕಾರ್ಖಾನೆಯಲ್ಲಿ ಇಂಜಿನಿಯರ್.

"ಈ ಅಮ್ಮನ್ನ ಯಾರು ಕೇಳೋರು?" ಎಂದೆ. "ಎಂಥ ತೀರ್ಪು ಕೊಟ್ರೂ ನಿವೃತ್ತಿ ತನಕ ಅದೇ ಕುರ್ಚಿ."

"ನಮ್ಮ ಮಾವಶಿ ಮಗ ಅಮೆರಿಕಾದಾಗ ಅದಾನಲಾ, ಅವ ಇರೋ ಕಡೆ ಜನಾನ ವೋಟ್ ಹಾಕ್ತಾರ. ಈ ಜಡ್ಜ್ ಇರಬೇಕೋ ಬ್ಯಾಡೋ, ಅಷ್ಟ."

"ಕೇಸ್ ಸೋತವರೆಲ್ಲ ಬೇಡ ಅಂತಾರೆ."

"ಅದಕ್ಕ ತೀರ್ಪಿಗಿಂತ ಮೊದ್ಲ ಕೇಳಬೇಕು. ಹೇಳು ದೋಸ್ತ, ಈಕಿ ಇರಬೇಕೋ, ಬ್ಯಾಡೋ?"

"ತಮಾಷೆ ಮಾಡೋ ಹೊತ್ತಾ ಇದು?"

"ಮತ್ತ ಇನ್ನೇನ್ ಮಾಡಾಂವ ಇದ್ದಿ? ನಿಂತ್ ನಿಂತ್ ನೆಲದ ಫರಸೀ ಸವಸಾಕತ್ತಿ."

ಯೋಚಿಸಿದೆ. ಕಂಪನಿಯ ವಕೀಲ ಗಡಿಬಿಡಿಯಲ್ಲಿ ಮಾತಾಡಿದಾಗ ಆಕೆ ತಡೆದು, ನನ್ನತ್ತ ನೋಡಿ, ನಿಧಾನವಾಗಿ ಮತ್ತೆ ಹೇಳಿ ಎಂದಿದ್ದರು. ನನ್ನ ಕಾಗದಗಳನ್ನು ಓದಿಕೊಂಡೇ ಬಂದಿದ್ದರು. ಆದರೆ ಭಾನುವಾರಗಳಲ್ಲೂ ದುಡಿದದ್ದನ್ನು ನಾನು ಹೇಳತೊಡಗಿದಾಗ, ಅದು ಇಲ್ಲಿ ಪ್ರಸ್ತುತವಲ್ಲ ಎಂದು ಮುಂದಕ್ಕೆ ಹೋಗಿದ್ದರು.

"ಇರಲಿ," ಎಂದೆ.

"ಆತು. ಪೆಟ್ಟಿಗಿ ಸೀಲ್."

ಒಳಗೆ ಕರೆದರು. ನ್ಯಾಯಾಧೀಶೆ ಬಂದಾಗ ಎಲ್ಲರೂ ಎದ್ದು ನಿಂತೆವು. ದಾವೆ ವಜಾ. ಕಾರಣವನ್ನು ಚಿಕ್ಕಚಿಕ್ಕ ವಾಕ್ಯಗಳಲ್ಲಿ ಹೇಳಿ, ಅರ್ಥವಾಯಿತೇ ಎಂದು ಕೇಳಿದರು. "ಯಾ" ಎಂದೆ.

ಹೊರಗೆ ಬಂದವನೇ, "ನನ್ನ ವೋಟು ವಾಪಸ್ ಕೊಡು," ಎಂದೆ.

"ಸೀಲ್ ಆಗೇತಿ ಅಂದ್ನಲ್ಲೋ," ಎಂದ. ನಗಲಿಲ್ಲ. ನಾನು ಒಳಗೇ ಮರೆತಿದ್ದ ಕೋಟು ಅವನ ಕೈಯಲ್ಲಿತ್ತು.

ಆಮೇಲೆ ಅವನ ಮಾತನ್ನೇ ನನ್ನದೆಂಬಂತೆ ಹಲವರ ಮುಂದೆ ವಾದಿಸಿದ್ದೇನೆ: ಜಡ್ಜರನ್ನು ಅಳೆಯುವುದಾದರೆ ಎರಡೂ ಕಡೆಯವರನ್ನು ತೀರ್ಪಿಗೆ ಮೊದಲೇ ಕೇಳಬೇಕು. ನಮ್ಮ ಮಾತು ಕೇಳಿಸಿಕೊಂಡರೇ? ನಮಗೆ ತಿಳಿಯುವಂತೆ ಮಾತಾಡಿದರೇ? ಹಾಗೆ ವಾದಿಸುವಾಗಲೂ ಒಳಗೊಂದು ಕಸಿವಿಸಿ. ಒಂದು ಬಾಗಿಲಿನಾಚೆ ಅವರು ನನ್ನ ಹಣೆಬರಹವನ್ನು ನಿರ್ಧರಿಸುತ್ತಿದ್ದಾಗ "ಬೇಡ" ಎನ್ನುವ ಧೈರ್ಯ ನನಗಿತ್ತೇ? ಆ "ಇರಲಿ" ಮೌಲ್ಯಮಾಪನವೋ, ಹರಕೆಯೋ?

ಮುಂದೆ, ಪರವಾನಗಿ ಕೊಡುವ ವಿದೇಶಿಯರ ಕಚೇರಿಯ ಸರದಿಯಲ್ಲಿ ಯಾರಿಗೋ, ಆಕೆ ನನಗೆ ಮಾತಾಡಲೇ ಬಿಡಲಿಲ್ಲ ಎಂದು ಹೇಳಿದ್ದು ನೆನಪಿದೆ. ಹೇಳುವಾಗ ಅದು ನಿಜವೆಂದೇ ಅನಿಸಿತ್ತು. ಈಗ ಆಕೆಯ ಮುಖ ನೆನಪಾಗುವುದಿಲ್ಲ. ವಕೀಲನನ್ನು ತಡೆದ ಆ ದನಿ ಮಾತ್ರ ಇದೆ.

ಬೇರೆ ಕೆಲಸ ಸಿಗಲಿಲ್ಲ, ಪರವಾನಗಿ ಮುಗಿಯಿತು. ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಗೆಳೆಯ ನನ್ನ ಪೆಟ್ಟಿಗೆ ಇಳಿಸುತ್ತಾ ಕೇಳಿದ: "ಈಗರೆ ಹೇಳು. ಆಕಿ ಇರಬೇಕೋ, ಬ್ಯಾಡೋ?"

"ಇವತ್ತು ಕೇಳ್ಬೇಡ ಮಾರಾಯ," ಎಂದೆ.