ಪ್ರಶ್ನೆ ಕೇಳುವ ಕಸ್ತೂರಕ್ಕ

ಕಸ್ತೂರಕ್ಕನ ಹೆಗಲಚೀಲದಲ್ಲಿ ಯಾವಾಗಲೂ ಒಂದು ನೀರಿನ ಬಾಟಲಿ ಇರುತ್ತಿತ್ತು, ಅದೂ ತುಂಬಿದ್ದು. ಆದರೂ ಯಾವ ಮನೆಯ ಹೊಸ್ತಿಲ ಮುಂದೆ ನಿಂತರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು ಒಂದೇ.

“ಯವ್ವಾ, ಒಂದ ತಂಬಿಗಿ ನೀರ ಕೊಡ್ರಿ.”

ಮೊದಲ ದಿನ ನಾನು ಪೆದ್ದುಪೆದ್ದಾಗಿ, “ಅಕ್ಕಾರ, ನಿಮ್ಮ ಚೀಲದಾಗ ನೀರ ಐತಲ್ರಿ” ಅಂದುಬಿಟ್ಟಿದ್ದೆ. ಅವರು ಕಣ್ಣಲ್ಲೇ ಗದರಿಸಿದರು. ಓಣಿ ದಾಟಿದ ಮೇಲೆ ಹೇಳಿದರು: “ನಾವೇನ ಅವರಿಗೆ ಕೊಡಾಕ ಬಂದೇವೇನ? ಇಸ್ಕೊಳ್ಳಾಕ ಬಂದೇವಿ. ಅದು ಅವರಿಗೆ ಮೊದಲ ಗೊತ್ತಾಗ್ಬೇಕು. ನೀರ ಕೊಟ್ಟಾಕಿ ದೊಡ್ಡಾಕಿ ಆಗ್ತಾಳ. ದೊಡ್ಡಾಕಿ ಆದಮ್ಯಾಲ ಅಂಜದಂಗ ಮಾತಾಡ್ತಾಳ.”

ನಾನು ಬಾಗಲಕೋಟೆಯ ನವನಗರದಲ್ಲಿ ಬೆಳೆದವಳು. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತ, ಇಳಕಲ್ಲಿನ ಕೈಮಗ್ಗದ ಮನೆಗಳಲ್ಲಿ ಹೆಂಗಸರು ಮಾಡುವ ಕೆಲಸದ ಬಗ್ಗೆ ಬರೆಯಲು ಹೊರಟಿದ್ದೆ. ಮನೆಮನೆ ತಿರುಗಿ ಪ್ರಶ್ನಾವಳಿ ತುಂಬಿಸಲು ಒಬ್ಬರು ಬೇಕಾದಾಗ ಪರಿಚಯದವರು ಹುನಗುಂದದ ಕಸ್ತೂರಕ್ಕನ ಹೆಸರು ಹೇಳಿದರು. ಆಗ ಅವರಿಗೆ ಐವತ್ತರ ಆಸುಪಾಸು. ಓದಿದ್ದು ಎಸ್ಸೆಸ್ಸೆಲ್ಸಿ. ಗಂಡ ಹೊಲಿಗೆ ಅಂಗಡಿ ಇಟ್ಟಿದ್ದರು. ಎಂದೋ ಒಂದು ದಿನ ಪಟ್ಟಣದಿಂದ ಬಂದ ತಂಡವೊಂದು, ಓದು ಬರಹ ಬರುವ ಹೆಣ್ಣುಮಗಳು ಬೇಕೆಂದು ಅಂಗನವಾಡಿಯಲ್ಲಿ ವಿಚಾರಿಸಿದಾಗ ಇವರು ಎದ್ದು ಹೋಗಿದ್ದರಂತೆ. ಅಲ್ಲಿಂದ ಶುರು. ಕೂಸುಗಳ ತೂಕ, ಶೌಚಾಲಯ, ದುಡಿಯಲು ಗೋವಾಕ್ಕೆ ಹೋದವರು, ಸಂಘದ ಹೆಂಗಸರು, ಹೀಗೆ ಏನೇನನ್ನೋ ಅರಿಯಲು ಬಂದವರೆಲ್ಲ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಚ್ಚಾದ ವರದಿಗಳಲ್ಲಿ ಮಾತ್ರ ಇವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ನಾನು ಹುಡುಕಿದ್ದೇನೆ.

ನಮ್ಮ ವಿದ್ಯೆಯ ದೊಡ್ಡ ದೊಡ್ಡ ಮಾತುಗಳೆಲ್ಲ ಅವರ ಬಾಯಲ್ಲಿ ಮಣ್ಣಿಗಿಳಿಯುತ್ತಿದ್ದವು. ಯೋಜನೆ ಆರಂಭವಾಗುವ ಮುಂಚಿನ ಸಮೀಕ್ಷೆಗೆ ಬೇಸ್‌ಲೈನ್, ಮುಗಿದ ಮೇಲಿನದಕ್ಕೆ ಎಂಡ್‌ಲೈನ್ ಎನ್ನುತ್ತೇವಲ್ಲ, ಹೊಸಬರು ಯಾರೇ ಬಂದರೂ ಕಸ್ತೂರಕ್ಕ ಮೊದಲು ಅದನ್ನೇ ವಿಚಾರಿಸುತ್ತಿದ್ದರು. “ಬೇಸಲೈನ ಆದ್ರ ಮಂದಿ ಆಸೇಲೆ ಹೇಳ್ತಾರ, ಎಂಡಲೈನ ಆದ್ರ ಸಿಟ್ಟಿಲೆ ಹೇಳ್ತಾರ. ಯಾವದಂತ ನನಗ ಮೊದಲ ತಿಳೀಬೇಕು.”

ನನ್ನ ಪ್ರಶ್ನಾವಳಿಯನ್ನು ಅವರು ಕೈಗೆತ್ತಿಕೊಂಡು ಓದಿದ್ದು ನೆನಪಿದೆ. ‘ಕುಟುಂಬದ ಆರ್ಥಿಕ ನಿರ್ಣಯಗಳಲ್ಲಿ ನಿಮ್ಮ ಪಾತ್ರವೇನು?’ ಎಂಬಲ್ಲಿ ಬೆರಳಿಟ್ಟು ನಿಂತರು.

“ತಂಗಿ, ಪಾತ್ರ ಅಂದ್ರ ಬಯಲಾಟದಾಗ ಮಾಡ್ತಾರಲ್ಲ, ಅದೇನ?”

ನಾನು ನಕ್ಕೆ. ಅವರು ನಗಲಿಲ್ಲ. ಆ ಪ್ರಶ್ನೆಯ ಮೇಲೆ ಗೆರೆ ಎಳೆದರು.

ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ ನಮಗೆ ದಾರಿ ತೋರಿಸಲು ಹಿರಿಯರೊಬ್ಬರು ಬಂದಿದ್ದರು. ಊರ ಕೊನೆಯ ಕೇರಿಗೆ ಹೋಗುವ ಮುನ್ನ, “ಅಲ್ಲಿ ನೀರ ಗೀರ ಕುಡಿಯಾಕ ಹೋಗಬ್ಯಾಡ್ರಿ, ಚಲೋ ಇರಂಗಿಲ್ಲ” ಎಂದರು. ಕಸ್ತೂರಕ್ಕ ಅಲ್ಲಿ ಎರಡು ತಂಬಿಗೆ ಕುಡಿದರು. ಬೆಳಿಗ್ಗೆ ಆ ಹಿರಿಯರ ಮನೆಯಲ್ಲಿ ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಿದ್ದರು. ಮಧ್ಯಾಹ್ನ ವಾಪಸು ಹೋದಾಗ ಬಂದದ್ದು ಕಾಗದದ ಕಪ್ಪು. ಕಸ್ತೂರಕ್ಕ ಸದ್ದಿಲ್ಲದೆ ಕುಡಿದು, ಖಾಲಿ ಕಪ್ಪನ್ನು ನನ್ನ ಮುಂದೆ ಹಿಡಿದು ಕೇಳಿದರು:

“ನಿನ್ನ ಫಾರ್ಮಿನ್ಯಾಗ ಇದಕ್ಕ ಕಾಲಂ ಐತೇನು?”

ಇರಲಿಲ್ಲ.

ಇಳಕಲ್ಲಿನಲ್ಲಿ ನನ್ನ ಮೊದಲ ವಾರ ಪೂರ್ತಿ ಹಾಳಾಗಿತ್ತು. ‘ನೀವು ಕೆಲಸ ಮಾಡುತ್ತೀರಾ?’ ಎಂದು ಕೇಳಿದರೆ ಹೆಂಗಸರೆಲ್ಲ ಒಂದೇ ಉತ್ತರ ಕೊಡುತ್ತಿದ್ದರು: “ಇಲ್ರಿ, ಮನ್ಯಾಗ ಇರ್ತೇನಿ.” ಹಾಗೆ ಹೇಳುವಾಗ ಅವರ ಒಂದು ಕೈ ರಾಟಿಯ ಮೇಲಿರುತ್ತಿತ್ತು, ಇನ್ನೊಂದು ಕೈಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ತುಂಬುತ್ತಿತ್ತು. ನಾನು ಕಣ್ಣೆದುರಿನ ಕೆಲಸ ನೋಡುತ್ತ ‘ಇಲ್ಲ’ ಎಂದು ಬರೆದುಕೊಂಡು ಬರುತ್ತಿದ್ದೆ.

ಎರಡನೆಯ ವಾರ ಕಸ್ತೂರಕ್ಕ ಹಾಳೆಯನ್ನು ಮಗುಚಿಟ್ಟರು. ನೀರು ಕುಡಿದು ಸೆರಗಿನಲ್ಲಿ ಬಾಯೊರೆಸಿಕೊಂಡು, ಸಹಜವಾಗಿ ಕೇಳಿದರು: “ನೀವು ನಾಕ ದಿನಾ ತವರಮನಿಗೆ ಹೋದ್ರ ಮಗ್ಗ ನಡೀತೈತೇನ್ರಿ?”

“ಎಲ್ಲಿ ನಡೀತೈತ್ರಿ! ನಿಂತ ಬಿಡತೈತಿ,” ಎಂದು ಆ ಹೆಂಗಸು ನಕ್ಕಳು. ಆಮೇಲೆ ತಾನೇ ಹೇಳತೊಡಗಿದಳು: ನೂಲು ಬಿಡಿಸುವುದು ತಾನು, ಕಂಡಿಕೆ ಸುತ್ತುವುದು ತಾನು, ಎಳೆ ಕಡಿದರೆ ಕಟ್ಟುವುದು ತಾನು. ನಾವು ಮೊದಲ ವಾರದ ಮನೆಗಳಿಗೆಲ್ಲ ಮತ್ತೆ ಹೋದೆವು.

ಶಾಂತವ್ವ ಸಿಕ್ಕಿದ್ದು ಹೀಗೆಯೇ. ಗಂಡ ಮಲ್ಲಪ್ಪ ಆ ಓಣಿಯಲ್ಲೇ ಹೆಸರಾದ ನೇಕಾರ. ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಅವರಷ್ಟು ಚೊಕ್ಕವಾಗಿ ಕೂಡಿಸುವವರಿಲ್ಲ ಎಂದು ವ್ಯಾಪಾರಸ್ಥರು ಹೊಗಳುತ್ತಿದ್ದರು. ಮಲ್ಲಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಕಸ್ತೂರಕ್ಕ ಅದೇ ತವರಮನೆಯ ಪ್ರಶ್ನೆ ಕೇಳಿದರು. ಶಾಂತವ್ವ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

“ಅವರಿಗೆ ಕಣ್ಣ ಮಂಜಾಗಿ ಎಂಟ ವರ್ಷಾತ್ರಿ. ಮಗ್ಗ ನಾನ ನೇಯ್ತೇನಿ. ಮಂದಿ ಬಂದಾಗ ಅಷ್ಟ ಅವರು ಮಗ್ಗದ ಕುಣ್ಯಾಗ ಇಳದ ಕುಂದರ್ತಾರ, ನಾ ಕಂಡಿಕಿ ಹಿಡಕೊಂಡ ಬಾಜೂಕ ಸರೀತೇನಿ.”

ಕಸ್ತೂರಕ್ಕ ಪೆನ್ನಿನ ಮುಚ್ಚಳ ಹಾಕಿದರು. ಮುಂದೆ ಮಕ್ಕಳ ಮಾತು, ಮಳೆಯ ಮಾತು ಆಡಿ ಎದ್ದುಬಂದರು.

ನನಗಾದರೋ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಡೀ ಪ್ರಬಂಧಕ್ಕೆ ಬೇಕಿದ್ದದ್ದು ಒಂದೇ ಮನೆಯಲ್ಲಿ ಸಿಕ್ಕಿತ್ತು! ವಾರದೊಳಗೆ ಅಧ್ಯಾಯ ಬರೆದು, ಹುನಗುಂದಕ್ಕೆ ಹೋಗಿ ಕಸ್ತೂರಕ್ಕನ ಮುಂದೆ ಹೆಮ್ಮೆಯಿಂದ ಓದಿದೆ. ಅವರು ಕಾಳು ಆರಿಸುತ್ತಿದ್ದರು. ಓದು ಮುಗಿಯುವ ಹೊತ್ತಿಗೆ ಕೈ ನಿಂತಿತ್ತು.

“ಇದನ್ನ ಬರದೀಯೇನು?”

“ಹೆಸರ ಬದಲಿ ಮಾಡೇನ್ರಿ ಅಕ್ಕಾರ.”

“ಹೆಸರ ಬದಲಿ ಮಾಡಿದ್ರ ಮನಶಾ ಬದಲಿ ಆಗ್ತಾನೇನು? ಆ ಓಣ್ಯಾಗ ಕಣ್ಣ ಹೋದ ನೇಕಾರ ಹತ್ತ ಮಂದಿ ಅದಾರೇನು? ಒಬ್ಬಾಂವ.”

“ಇದು ಯುನಿವರ್ಸಿಟಿಗೆ ಹೋಗೂದ್ರಿ. ಇಳಕಲ್ಲಾಗ ಯಾರೂ ಓದಂಗಿಲ್ಲ.”

“ಯಾರೂ ಓದಂಗಿಲ್ಲಂದ್ರ ಯಾಕ ಬರಿಯಾಕತ್ತಿ?”

ನನಗೆ ಸಿಟ್ಟು ಬಂತು. ಅವರು ಕಾಳಿನ ಮೊರ ಪಕ್ಕಕ್ಕಿಟ್ಟು, ಸಮಾಧಾನದಿಂದಲೇ ಹೇಳಿದರು: “ನಾಳಿ ಇಳಕಲ್ಲಿಗೆ ಹೋಗೂಣು. ಇದನ್ನ ಆಕಿ ಮುಂದ ಓದು. ಆಕಿ ಹೂಂ ಅಂದ್ರ ಇಟಗೋ, ಊಹೂಂ ಅಂದ್ರ ಹರದ ಹಾಕು.”

ಮರುದಿನ ಮಧ್ಯಾಹ್ನ ಹೋದೆವು. ಕಟ್ಟೆಯ ಮೇಲೆ ಮಲ್ಲಪ್ಪ ಇರಲಿಲ್ಲ. ಹೊರಗೆ ಹೋಗಿರಬೇಕೆಂದುಕೊಂಡು, ಮಗ್ಗದ ಪಕ್ಕ ಕುಳಿತು ನಾನು ಮೆಲ್ಲಗೆ ಓದತೊಡಗಿದೆ. ಎರಡನೆಯ ಪುಟ ತಿರುವಿದಾಗ ಶಾಂತವ್ವನ ಮುಖ ಬಿಳಿಚಿಕೊಂಡಿತು. ಅವಳು ನನ್ನ ಬೆನ್ನ ಹಿಂದಿನ ಕೋಣೆಯ ಕಡೆ ನೋಡುತ್ತಿದ್ದಳು. ನಾನು ನಿಲ್ಲಿಸಿದೆ.

“ಓದ್ರಿ ಓದ್ರಿ,” ಎಂದಿತು ಒಳಗಿನಿಂದ ಮಲ್ಲಪ್ಪನವರ ದನಿ. “ಕಣ್ಣಷ್ಟ ಹೋಗ್ಯಾವ. ಕಿವಿ ನೆಟ್ಟಗ ಅದಾವು.”

ಕಸ್ತೂರಕ್ಕನನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು. ಅವರಿಗೂ ಏನೂ ತೋಚದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಯವರೆಗೂ ಓದಿದೆ. ಮಲ್ಲಪ್ಪ ಗೋಡೆ ತಡವುತ್ತ ಬಂದು ಮಗ್ಗದ ಕುಣಿಯ ಅಂಚಿಗೆ ಕುಳಿತರು.

“ಎಲ್ಲಾ ಖರೆ ಬರದೀರಿ. ಒಂದ ತಪ್ಪೈತಿ. ಎಂಟ ವರ್ಷ ಅಲ್ರಿ, ಹನ್ನೊಂದು. ಮದಲಿನ ಮೂರ ವರ್ಷ ನಾ ಈಕಿಗೂ ಹೇಳಿದ್ದಿಲ್ಲ. ನಾ ಎಳಿ ತಪ್ಪಸ್ತಿದ್ದೆ. ಮುಂಜಾನಿ ಎದ್ದ ಕೈಯಾಡಿಸಿದ್ರ ರಾತ್ರಿ ಯಾರೋ ಬಿಚ್ಚಿ ಸರಿ ಮಾಡಿರ್ತಿದ್ರು. ಈಕಿಗೆ ಗೊತ್ತಾಗಿಲ್ಲ ಅನ್ನವರಂಗ ನಾನೂ ಸುಮ್ಮನಿದ್ದೆ.”

“ಗೊತ್ತಿತ್ತು,” ಎಂದಳು ಶಾಂತವ್ವ, ಗಂಡನಿಗಲ್ಲ, ನಮಗೆ. “ಅವರು ಬಾಯಿಬಿಟ್ಟ ಹೇಳಿದ ಮ್ಯಾಲಿಂದ ಎಣಿಸಿ ಎಂಟಂದೆ.”

ಮಲ್ಲಪ್ಪ, “ಈಕಿ ಹೆಸರ ಹಾಕ್ರಿ,” ಎಂದರು. “ಬ್ಯಾಡ್ರಿ,” ಎಂದಳು ಶಾಂತವ್ವ. “ಯಾಕ ಬ್ಯಾಡ?” ಎಂದು ಅವರು ಹೆಂಡತಿಯ ಕಡೆ ತಿರುಗಿದರು. ಕಸ್ತೂರಕ್ಕ ನನ್ನ ಮೊಣಕೈ ಹಿಡಿದು ಎಬ್ಬಿಸಿದರು. “ಇದು ನಮ್ಮ ಮುಂದ ಆಡೂ ಮಾತಲ್ಲ. ನೀವಿಬ್ರೂ ಮಾತಾಡಿ ಹೇಳಿ ಕಳಸ್ರಿ.”

ಬಸ್ಸಿನಲ್ಲಿ ಕುಳಿತ ಮೇಲೆ ಕಸ್ತೂರಕ್ಕ ಹೇಳಿದರು: “ನಾನೂ ತಪ್ಪಿದ್ನೆವ್ವ. ಆಕಿ ನಮಗ ಹೇಳಿದ್ದು ಅವಗ ಗೊತ್ತಾದ್ರ ಮನಿ ಮುರೀತೈತಿ ಅನಕೊಂಡಿದ್ದೆ. ಇಷ್ಟ ವರ್ಷ ಮಂದೀನ ಕೇಳಿ ಕೇಳಿ, ಕೇಳದನ ತಿಳೀತೈತಿ ಅನ್ನೂ ಸೊಕ್ಕ ಬಂದಿತ್ತು ನನಗ.”

ವಾರದ ನಂತರ ಶಾಂತವ್ವ ಫೋನು ಮಾಡಿದಳು. ನೇಯುವವಳು ಹೆಂಡತಿ ಎಂದು ಬರೆಯಬಹುದು, ಕಣ್ಣಿನ ಮಾತು ಬೇಡ. ನಾನು ಹಾಗೆಯೇ ಮಾಡಿದೆ. ಕಣ್ಣಿನ ಮಾತು ತೆಗೆದ ಮೇಲೆ ಅಧ್ಯಾಯ ಸಪ್ಪೆಯಾಯಿತು. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಸರಿಯಾಗಿ ಆ ಪುಟ ತೆಗೆದು, “ಇಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ,” ಎಂದರು. ಹೌದು ಸರ್ ಎಂದೆ. ಪದವಿ ಬಂತು. ಬಾಗಲಕೋಟೆಯಲ್ಲೇ ಕಾಲೇಜು ಸೇರಿದೆ. ವಿದ್ಯಾರ್ಥಿಗಳನ್ನು ಹಳ್ಳಿಗೆ ಕರೆದೊಯ್ಯುವಾಗ ಕಸ್ತೂರಕ್ಕನಿಗೆ ಫೋನು ಮಾಡುತ್ತಿದ್ದೆ, ಅವರು ಬಂದು ಒಂದು ದಿನ ಇದ್ದು ಹೋಗುತ್ತಿದ್ದರು. ಬರಬರುತ್ತ ನಾಲ್ಕು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ.

ಕಳೆದ ಚಳಿಗಾಲದಲ್ಲಿ ಅವರ ಮಗನ ಫೋನು ಬಂತು. ಎದೆನೋವು ಎಂದವರನ್ನು ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಪರವೂರಿನಲ್ಲಿದ್ದೆ. ಮಣ್ಣಿಗೆ ಸಿಗಲಿಲ್ಲ. ಎರಡು ದಿನ ಬಿಟ್ಟು ಮನೆಯವರನ್ನು ಮಾತಾಡಿಸಲು ಹುನಗುಂದಕ್ಕೆ ಹೋದಾಗ ಅಂಗಳದ ತುಂಬ ಹೆಂಗಸರು. ಮಗ ನನ್ನನ್ನು ಪಕ್ಕಕ್ಕೆ ಕರೆದ.

“ಮೇಡಂ, ಇವ್ರೆಲ್ಲಾ ಯಾರ್ರಿ? ಬೀಗರಲ್ಲ, ನಮ್ಮ ಮಂದಿ ಅಲ್ಲ. ನಿನ್ನಿಂದ ಬರಾಕತ್ತಾರ. ಅವ್ವನ ಬಳಗ ಅಂತಾರ.”

ನಾನು ಒಬ್ಬಿಬ್ಬರ ಗುರುತು ಹಿಡಿದೆ. ಉಳಿದವರು ನನಗೂ ಹೊಸಬರು. ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಮುದುಕಿಯ ಹತ್ತಿರ ಹೋಗಿ ಯಾವೂರು ಎಂದೆ. ಬದಾಮಿಯ ಆಚೆ, ಶಿವಯೋಗ ಮಂದಿರದ ಹತ್ತಿರದ ಹಳ್ಳಿ. ಎರಡು ಬಸ್ಸು ಬದಲಿಸಿ ಬಂದಿದ್ದಳು.

“ಕೂಸುಗಳ ತೂಕ ಮಾಡಾಕ ಬಂದಿದ್ರಲ್ರಿ, ಆಗಿನ ಗುರ್ತು. ಬರಕೊಂಡ ಹೋದವರು ಯಾರೂ ಹೊಳ್ಳಿ ಬರ್ಲಿಲ್ಲ. ಈಕಿ ಒಬ್ಬಾಕಿ ಬಂದ್ಲು. ನೀವು ಹೇಳಿದ್ದರಾಗ ಹಿಂಗ ಬಂದೈತಿ ನೋಡ್ರಿ, ನಿಮ್ಮ ಓಣ್ಯಾಗ ಹುಡುಗ್ಯಾರ ತಾಟಿನ್ಯಾಗ ಕಮ್ಮಿ ಬೀಳತೈತಿ ಅಂತ ಮನಿ ಮನಿ ಹೇಳಿ ಹ್ವಾದ್ಲು. ಅವತ್ತಿಂದ ನಾ ಮದಲ ಮಮ್ಮಗಳಿಗೆ ನೀಡ್ತೇನಿ. ವರ್ಷಕ್ಕೊಮ್ಮೆ ಬರ್ತಿದ್ಲ್ರಿ.”

ಈ ತಿರುಗಾಟದ ಸುದ್ದಿಯನ್ನು ಕಸ್ತೂರಕ್ಕ ಒಮ್ಮೆಯೂ ನನ್ನೆದುರು ಆಡಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ.

ಮುದುಕಿ ನನ್ನ ಕೈ ಹಿಡಿದಳು. “ಹ್ವಾದ ವರ್ಷ ಮತ್ತ ಯಾರೋ ಬಂದು ಹೊಳಿ ನೀರಿಂದು ಏನೇನೋ ಕೇಳಿ ಹೋಗ್ಯಾರ. ಅದರದೇನಾತು ತಿಳಕೊಂಡ ಬರ್ತೇನಿ ಅಂದಿದ್ಲು ಈಕಿ. ನಿಮಗ ಗೊತ್ತೈತೇನ್ರಿ?”

“ಯಾರ ಬಂದಿದ್ರವ್ವ?”

“ಅದ ನಮಗೆಂಗ ಗೊತ್ತಾಗ್ಬೇಕ್ರಿ? ನಿಮ್ಮಂಥವರ ಬಂದಿದ್ರು.”

ನಾನು ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತೆ. ಬದಾಮಿಯಿಂದ ಅವರ ಊರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ.