ನೂರು ಕಿಲೋಮೀಟರ್ ಈಚೆ

ಫೋಟೋದ ಹಿಂಬದಿಯಲ್ಲಿ ಅಮ್ಮ ನೀಲಿ ಇಂಕಿನಲ್ಲಿ ‘ಉಲುರು, ಕೆಂಪು ಬಂಡೆ’ ಎಂದು ಬರೆದು, ಕೆಳಗೊಂದು ಗೆರೆ ಎಳೆದಿದ್ದಳು. ಮುಂಬದಿಯಲ್ಲಿರುವುದು ಉಲುರು ಅಲ್ಲ.

ಮೊನ್ನೆ, ಈಗ ನಾನಿರುವ ರನ್‌ಕಾರ್ನ್‌ನ ಮನೆಯಲ್ಲಿ ಅದನ್ನು ಹುಡುಕಿ ತೆಗೆದದ್ದು ಒಂದು ಮೆಸೇಜಿನಿಂದಾಗಿ. ಅಡಿಲೇಡ್‌ನಲ್ಲಿ ಓದುವಾಗ ಯಾರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆನೋ ಆ ಅಂಕಲ್ ತೀರಿಕೊಂಡಿದ್ದರು. ಅಂತ್ಯಕ್ರಿಯೆಯ ದಿನ ತೋರಿಸಲು, ನಮ್ಮಮ್ಮನ ಜೊತೆ ಅವರು ಉಲುರು ಮುಂದೆ ನಿಂತ ಫೋಟೋ ಬೇಕೆಂದು ಅವರ ಮಗಳು ಇಂಗ್ಲಿಷಿನಲ್ಲಿ ಕೇಳಿದ್ದಳು. ಅಪ್ಪನಿಗೆ ಆ ಪ್ರವಾಸವೆಂದರೆ ಹೆಮ್ಮೆಯಂತೆ. ಹೌದು, ಹೆಮ್ಮೆಯೇ... ನನಗೆ ಮೊದಲು ಬಂದದ್ದು ದುಃಖವಲ್ಲ.

ಅದು ೨೦೧೩. ಅಮ್ಮ ಮೈಸೂರಿನಿಂದ ಆರು ವಾರಕ್ಕೆಂದು ಬಂದಿದ್ದಳು. ಮಂಡಿನೋವು, ಸಕ್ಕರೆ ಕಾಯಿಲೆ. ಇನ್ನೊಮ್ಮೆ ಬರಲಾರಳೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಕೇಳಿದ್ದು ಒಂದೇ: ಯಾವುದೋ ಕ್ಯಾಲೆಂಡರಿನಲ್ಲಿ ನೋಡಿದ್ದ ಆ ಬಂಡೆ, ಸಂಜೆ ಅದು ಬಣ್ಣ ಬದಲಿಸುವುದು. ನನ್ನ ಬಳಿ ಕಾರಿರಲಿಲ್ಲ. ಅಂಕಲ್ ಕರೆದೊಯ್ಯುತ್ತೇನೆಂದರು.

ಮೂರನೆಯ ದಿನ ಮಧ್ಯಾಹ್ನ, ಮರುಭೂಮಿಯ ಹೆದ್ದಾರಿಯ ಎಡಕ್ಕೆ ಒಂಟಿ ಬೆಟ್ಟವೊಂದು ಕಂಡಿತು. ಸುತ್ತಲಿನ ಮೆದು ಕಲ್ಲೆಲ್ಲ ಸವೆದುಹೋಗಿ, ಗಟ್ಟಿ ನೆತ್ತಿ ಹೊತ್ತ ಭಾಗ ಮಾತ್ರ ಉಳಿದದ್ದು. ಬದಿಗಳು ಕಡಿದು, ತಲೆ ಮೇಜಿನಂತೆ ಚಪ್ಪಟೆ. ನಾನು ಓದುತ್ತಿದ್ದದ್ದೇ ಭೂವಿಜ್ಞಾನ. ಅಂಕಲ್ ಕಾರು ನಿಲ್ಲಿಸಿದರು.

“ಬಂತು ನೋಡಿ ಅಕ್ಕ, ಉಲುರು!”

“ಅಂಕಲ್, ಇದು ಮೌಂಟ್ ಕಾನರ್. ಉಲುರುಗೆ ಇನ್ನೂ ನೂರು ಕಿಲೋಮೀಟರ್ ಇದೆ. ಅದರ ತಲೆ ಗುಂಡಗಿರುತ್ತೆ.”

“ಹತ್ರ ಹೋದ್ರೆ ಎಲ್ಲಾ ಗುಂಡಗೇ ಕಾಣೋದು. ಪರ್ತ್‌ನಿಂದ ಅಡಿಲೇಡ್‌ಗೆ ಒಬ್ನೇ ಓಡಿಸ್ಕೊಂಡ್ ಬಂದೋನು ನಾನು, ನಂಗೇ ದಾರಿ ಹೇಳ್ಕೊಡ್ತೀಯಾ? ನೋಡಿದ್ರಾ ಅಕ್ಕ, ನಿಮ್ ಮಗಳು ಕಲ್ಲಿನ ಡಾಕ್ಟ್ರು! ನಡೀರಿ, ಮ್ಯಾಚ್ ಶುರುವಾಗೋದ್ರೊಳಗೆ ಸರ್ವೋ ಸೇರ್ಕೊಳೋಣ.”

ಸರ್ವೋ ಎಂದರೆ ರಾತ್ರಿಗೆ ನಾವು ರೂಮು ಮಾಡಿದ್ದ ಪೆಟ್ರೋಲ್ ಬಂಕು; ಅದು ಬಂದ ದಾರಿಯಲ್ಲೇ ಹಿಂದೆ ಉಳಿದಿತ್ತು. ಅಲ್ಲಿ ಟಿವಿಯಿತ್ತು. ಅವರದು ತಪ್ಪೋ ಸುಳ್ಳೋ, ನನಗಿನ್ನೂ ಗೊತ್ತಿಲ್ಲ.

ಮತ್ತೆ ಬಾಯಿ ತೆರೆದೆ. ಅಮ್ಮ ನನ್ನ ಮಣಿಕಟ್ಟು ಒತ್ತಿದಳು. “ಸುಮ್ನಿರೇ. ಅವ್ರ ಮನೇಲಿ ಇರೋಳು ನೀನು.”

ಸುಮ್ಮನಾದೆ. ಫೋಟೋ ತೆಗೆದವಳೂ ನಾನೇ. ತಿರುಗಿದ ಕಾರಿನಲ್ಲಿ ಅಮ್ಮ ಮೆಲ್ಲಗೆ ಕೇಳಿದಳು: “ಸಂಜೆ ಆಗ್ತಿದೆ. ಈಗ ಬಣ್ಣ ಬದಲಾಗಿರುತ್ತೆ, ಅಲ್ವಾ?”

“ಹೂಂ” ಎಂದೆ.

ಅವಳು ನನ್ನನ್ನು ನಂಬಿದ್ದಳೋ, ಅವರನ್ನೋ... ಕೇಳಲಿಲ್ಲ. ಮರುದಿನ ಅಲ್ಲಿಂದಲೇ ಮನೆಯತ್ತ ಹೊರಟೆವು. ಮುಂದಿನ ವರ್ಷ ಅವಳಿಲ್ಲವಾದಾಗ ಅಂಕಲ್ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು: “ಸಮಾಧಾನ ಮಾಡ್ಕೋ. ನನ್ನಿಂದ ಉಲುರು ಒಂದ್ ನೋಡ್ಬಿಟ್ರಲ್ಲ.” ಆ ತಿಂಗಳೇ ಮನೆ ಬಿಟ್ಟೆ. ಆ ಮಾತನ್ನು ನಾನು ಕ್ಷಮಿಸಿಲ್ಲ; ಅವರು ಸತ್ತರೆಂದು ಕ್ಷಮಿಸುವುದೂ ಇಲ್ಲ.

ಮೆಸೇಜು ಬಂದ ಮರುದಿನ ಬೆಳಿಗ್ಗೆ ಫೋಟೋದ ಮುಂಬದಿಯನ್ನಷ್ಟೇ ಸ್ಕ್ಯಾನ್ ಮಾಡಿ ಅವರ ಮಗಳಿಗೆ ಕಳಿಸಿದೆ. ಕೆಳಗೆ ಬರೆದೆ: ‘ಇದು ಉಲುರು ಅಲ್ಲ, ಮೌಂಟ್ ಕಾನರ್. ಉಲುರು ನೂರು ಕಿಲೋಮೀಟರ್ ಮುಂದಿದೆ. ನಿಮ್ಮ ತಂದೆಗೆ ಅಂದೇ ಹೇಳಿದ್ದೆ.’

ಹಿಂಬದಿಯ ಅಮ್ಮನ ಅಕ್ಷರವನ್ನು ತಿದ್ದಲಿಲ್ಲ. ಫೋಟೋವನ್ನು ಕವರಿಗೆ ಹಾಕಿಟ್ಟು, ಕೆಲಸಕ್ಕೆ ಹೋದೆ.