ಕಂಡಿಗೆ ಕಟ್ಟಿದ ಬಟ್ಟೆ

ಜೂನ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲು. ರಾತ್ರಿ ಬಿದ್ದ ಮಳೆ, ಅಳೆಯಲು ನಾನು ಅಂಗಳದಲ್ಲಿಡುವ ಬಾಟಲಿಯಲ್ಲಿ ನಾಲ್ಕು ಬೆರಳು.

ಅಡುಗೆಮನೆಯ ಕಿಟಕಿಗೆ ನೀರು ಸೋಸುವ ಬಟ್ಟೆಯನ್ನು ಒಣಹಾಕಿದ್ದಾರೆ. ಮೂರು ದಿನ ಬಿಸಿಲು ಕಾಣದ ಬಟ್ಟೆಯ ವಾಸನೆ ನಿಮಗೂ ಗೊತ್ತಿರಬಹುದು, ಎಷ್ಟು ಒಗೆದರೂ ಹೋಗದ ಆ ಹುಳಿ ವಾಸನೆ. ಅದು ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಈ ಪುಟದಲ್ಲಿ ಆಗಲೇ ಎರಡು ಕಡೆ ಪೆನ್ನು ಕಾಗದವನ್ನು ಹರಿದಿದೆ.

ನಮ್ಮದು ಮೂಡಬಿದ್ರೆಯ ಜೈನರ ಮನೆ. ಬಾವಿಯ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡುವುದು ಅಜ್ಜಿಯ ದಿನದ ಮೊದಲ ಕೆಲಸ. ಎಂಬತ್ತೆರಡು ದಾಟಿದರೂ ಒಂದು ದಿನ ತಪ್ಪಿಸಿಲ್ಲ. ನಾನು ಏಳು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ, ಹದಿನೇಳು ದಿನ ತಪ್ಪಿಸಿದ್ದೇನೆ. ಅದನ್ನೂ ಬರೆದಿಟ್ಟಿದ್ದೇನೆ.

ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಹಿತ್ತಲಲ್ಲಿ ಒಂದು ತಾವರೆ ಕೊಳ ಮಾಡಿಸುವ ಹುಚ್ಚು ನನಗೆ ಹತ್ತಿತು. ಕಟ್ಟಿದವರು ಪಾಣೆಮಂಗಳೂರಿನ ಶೀನಣ್ಣ, ಕೆಂಪುಕಲ್ಲಿನ ಮೇಸ್ತ್ರಿ. ಎಂಟು ಅಡಿ ಉದ್ದ, ಐದು ಅಡಿ ಅಗಲ. ಒಳಗೆ ಟರ್ಪಾಲು, ಅದರ ತುದಿಯನ್ನು ಒತ್ತಿ ಹಿಡಿಯುವ ಹಾಗೆ ಸುತ್ತ ಕಲ್ಲಿನ ಅಂಚು. ನಾಲ್ಕು ದಿನದ ಕೆಲಸದಲ್ಲಿ ಒಂದೂವರೆ ದಿನವನ್ನು ಅವರು ಅಂಚಿನ ಮಟ್ಟ ನೋಡುವುದರಲ್ಲೇ ಕಳೆದರು. ನೀರು ತುಂಬಿದ ಸಪೂರ ಪೈಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮೊಬೈಲಿನಲ್ಲೇ ಮಟ್ಟ ನೋಡಬಹುದು ಎಂದು ನಾನು ಜಂಬದಿಂದ ತೋರಿಸಿದೆ.

“ಅದು ಮೊಬೈಲು ಹೇಳುವುದು ಅಕ್ಕ. ಇದು ನೀರೇ ಹೇಳುವುದು,” ಎಂದರು.

ಮೂರು ಬದಿಯ ಅಂಚು ಸಮ. ಮೂಡು ಬದಿಯಲ್ಲಿ ಮಾತ್ರ ಒಂದು ಗೇಣು ಅಗಲದ ಜಾಗ ಎರಡು ಬೆರಳು ತಗ್ಗು. ಗದ್ದೆಯ ಬದುವಿನಲ್ಲಿ ಹೆಚ್ಚಿನ ನೀರು ಹೋಗಲು ಬಿಡುತ್ತಾರಲ್ಲ, ಅಂಥ ಕಂಡಿ. ಮನೆಯ ಮಾಡಿನಿಂದ ಇಳಿಯುವ ಮಳೆನೀರಿನ ಪೈಪನ್ನು ಕೊಳಕ್ಕೇ ತಿರುಗಿಸುತ್ತೇನೆ ಎಂದಾಗ ಶೀನಣ್ಣ ಕರಣೆ ಕೆಳಗಿಟ್ಟರು.

“ಇಡೀ ಮಾಡಿನ ನೀರಾ? ಹಾಗಾದ್ರೆ ಈ ಕಂಡಿಗೆ ಏನೂ ಅಡ್ಡ ಇಡ್ಬೇಡಿ. ಒಂದು ಎಲೆ ಸಿಕ್ಕಿದ್ರೂ ತೆಗೀರಿ. ಇದು ಕಟ್ಟಿದ್ರೆ ನೀರು ಅಂಚು ಹತ್ತಿ ಕಲ್ಲಿನ ಹಿಂದಿನ ಮಣ್ಣು ತೆಗೀತದೆ. ಮತ್ತೆ ನನ್ನನ್ನು ಬೈಬೇಡಿ.”

ನಾನು ಅದನ್ನು ತಾರೀಕು ಹಾಕಿ ಬರೆದುಕೊಂಡೆ.

ಮಳೆ ಹಿಡಿಯುವ ಹೊತ್ತಿಗೆ ಕೊಳದಲ್ಲಿ ನಾನು ಬಿಟ್ಟ ಗಪ್ಪಿ ಮೀನುಗಳು ಮರಿ ಹಾಕಿದ್ದವು. ಜೋರು ಮಳೆಗೆ ಮರಿಗಳು ಕಂಡಿಯಿಂದ ಚರಂಡಿಗೆ ಜಾರುವುದು ಅಜ್ಜಿಯ ಕಣ್ಣಿಗೆ ಬಿತ್ತು. “ಒಂದೊಂದೇ ಸಾಯ್ಲಿಕ್ಕೆ ಹೋಗ್ತಾ ಉಂಟಲ್ಲ ಮಗಾ,” ಎಂದು ಎರಡು ದಿನ ಹೇಳಿದರು. ಮೂರನೆಯ ದಿನ ಏನೂ ಹೇಳಲಿಲ್ಲ. ಮರೆತಿರಬೇಕು ಎಂದುಕೊಂಡೆ. ಅಜ್ಜಿ ಯಾವುದನ್ನಾದರೂ ಮರೆತದ್ದುಂಟೇ?

ಜುಲೈ ಒಂಬತ್ತು. ಬಾಟಲಿಯಲ್ಲಿ ಹನ್ನೊಂದು ಬೆರಳು. ಬೆಳಿಗ್ಗೆ ಆರಕ್ಕೆ ಹಿತ್ತಲಿಗೆ ಹೋದರೆ, ಕಂಡಿಯ ಬಾಯಿಗೆ ಇಮ್ಮಡಿ ಮಡಚಿದ ಸೋಸುವ ಬಟ್ಟೆ, ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದ್ದು. ಬಟ್ಟೆಯ ತುಂಬ ಎಲೆ, ಲೋಳೆ. ದಾರಿ ಸಿಗದ ನೀರು ಪಡುಬದಿಯ ಅಂಚನ್ನು ಹತ್ತಿ ಮಣ್ಣು ತೆಗೆದಿತ್ತು. ಕಲ್ಲುಗಳು ಒಳಗೆ ಬಿದ್ದು, ಟರ್ಪಾಲು ಜಾರಿ, ಕೊಳದಲ್ಲಿ ಮುಕ್ಕಾಲು ಪಾಲು ನೀರಿರಲಿಲ್ಲ. ಮೀನುಗಳು ಕೆಸರಿನಲ್ಲಿದ್ದವು. ಬಕೆಟ್ಟಿಗೆ ಎತ್ತಿದ್ದರಲ್ಲಿ ಬದುಕಿದ್ದು ಹದಿನಾಲ್ಕು. ಸತ್ತವು ಅರವತ್ತೊಂದು, ಅಲ್ಲಿಗೆ ಎಣಿಸುವುದನ್ನು ಬಿಟ್ಟೆ.

ನೀರಿನ ಹುಳಕ್ಕೂ ನೋವಾಗಬಾರದು ಎಂದು ಬದುಕಿದವರಿಗೆ, ನಿಮ್ಮ ಬಟ್ಟೆಯೇ ಇಷ್ಟನ್ನು ಕೊಂದಿತು ಎಂದು ಯಾವ ಬಾಯಿಂದ ಹೇಳುವುದು? ಅಪ್ಪ ಏಳುವ ಮೊದಲು ಹಗ್ಗ ಕೊಯ್ದು, ಬಟ್ಟೆಯನ್ನು ಬಚ್ಚಲಿನ ಹಂಡೆಯ ಹಿಂದೆ ತುರುಕಿದೆ.

ಅಪ್ಪ ಬಂದರು, ನೋಡಿದರು, ಫೋನ್ ಎತ್ತಿದರು. “ಏನು ಶೀನಾ, ಒಂದು ಮಳೆಗೆ ನಿಲ್ಲದ ಅಂಚು ಕಟ್ಟಿದ್ದೀಯಲ್ಲ? ನೀನು ಇಟ್ಟದ್ದು ಕಲ್ಲಾ ಬಿಸ್ಕುಟ್ಟಾ?”

ಶೀನಣ್ಣ ಆ ಮಧ್ಯಾಹ್ನವೇ ಬಸ್ಸು ಹಿಡಿದು ಬಂದರು. ಅಪ್ಪ ಗೇಟು ತೆಗೆಯಲಿಲ್ಲ. ಕೊಡೆ ಹಿಡಿದು ಹೊರಗೆ ನಿಂತವರು ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದರು: “ಅಕ್ಕ, ಕಂಡಿ ಕಟ್ಟಿತ್ತಾ?”

ಅವತ್ತಿನ ಪುಟದಲ್ಲಿ ಹೀಗಿದೆ: ‘ಗೊತ್ತಿಲ್ಲ ಅಂದೆ. ಗೊತ್ತಿತ್ತು.’

ಆಮೇಲೆ ಅಪ್ಪನಿಗೆ ಅದೊಂದು ಕಥೆಯಾಯಿತು. ಬಸದಿಯ ಜಗಲಿಯಲ್ಲಿ, ಹೋಟೆಲಿನಲ್ಲಿ, ಪೊಳಲಿಯ ಒಂದು ಮದುವೆಯ ಊಟದ ಸಾಲಿನಲ್ಲೂ ಬಿಸ್ಕುಟ್ಟಿನ ಮಾತಿಗೆ ಜನ ನಕ್ಕರು. ನಾನೂ ಒಮ್ಮೆ ನಕ್ಕಿದ್ದೇನೆ. ಇಲ್ಲಿ ನಿಮ್ಮಿಂದ ಅದನ್ನು ಅಡಗಿಸುವುದಿಲ್ಲ. ನಮ್ಮ ಕೊಳಕ್ಕೆ ಮತ್ತೆ ಇಬ್ಬರು ಮೇಸ್ತ್ರಿಗಳು ಒಬ್ಬರಾದ ಮೇಲೊಬ್ಬರು ಬಂದರು. ಕಂಡಿಯೇ ಇಲ್ಲದೆ ಸಿಮೆಂಟು ಬಳಿದರು. ಎರಡೂ ಸಲ ನೀರು ಬಚ್ಚಲಿಗೆ ನುಗ್ಗಿತು. ಆಗೆಲ್ಲ ಅಪ್ಪ ಮಳೆಗೆ ಬೈದರು, ಮೇಸ್ತ್ರಿಗಳಿಗೆ ಬೈಯಲಿಲ್ಲ.

ನಿನ್ನೆ ಬೆಳಿಗ್ಗೆ ಬೆಳ್ತಂಗಡಿಯ ನೆಂಟರೊಬ್ಬರು ಬಂದು, ಕೊಳ ಕಟ್ಟಿಸಬೇಕು, ಯಾರಿದ್ದಾರೆ ಎಂದು ಕೇಳಿದರು. “ಯಾರನ್ನು ಬೇಕಾದ್ರೂ ಕರೀರಿ, ಆ ಶೀನ ಒಬ್ಬ ಬೇಡ ಮಾರಾಯ್ರೆ,” ಎಂದರು ಅಪ್ಪ. ಮೂರು ವರ್ಷದ ಮೇಲೆಯೂ! ಮಧ್ಯಾಹ್ನದ ಊಟಕ್ಕೆ ಕೂತಾಗ ನಾನು ಹಳೆಯ ಡೈರಿ ತಂದು ಜುಲೈ ಒಂಬತ್ತನ್ನು ಗಟ್ಟಿಯಾಗಿ ಓದಿದೆ.

“ಈಗ ಅದೆಲ್ಲ ಯಾಕೆ?” ಎಂದರು ಅಪ್ಪ, ಸಾರಿಗೆ ಕೈ ಚಾಚುತ್ತ. “ಅವನೇನು ಕೆಲಸ ಇಲ್ಲದೆ ಕೂತಿದ್ದಾನಾ?”

ನಾನು ಅಜ್ಜಿಯ ಮುಖ ನೋಡಲಾರದೆ ಬಟ್ಟಲು ನೋಡುತ್ತಿದ್ದೆ.

“ಬಟ್ಟೆ ಕಟ್ಟಿದ್ದು ನಾನೇ,” ಎಂದರು ಅಜ್ಜಿ. “ಹಂಡೆಯ ಹಿಂದಿಂದ ತೆಗೆದು ಒಗೆದದ್ದೂ ನಾನೇ.”

“ಅಜ್ಜೀ! ಮತ್ತೆ ಹೇಳ್ಲಿಲ್ಲ ಯಾಕೆ?”

“ನೀನು ಅಷ್ಟು ಕಷ್ಟಪಟ್ಟು ಅಡಗಿಸಿದ್ದಿ. ನಾನು ಬಾಯಿ ಬಿಟ್ರೆ ನಿನ್ನ ಮರ್ಯಾದೆ ಹೋಗ್ತಿತ್ತಲ್ಲ ಮಗಾ.”

ಎಂಥ ಕರುಣೆ ನೋಡಿ ನಮ್ಮ ಮನೆಯದು! ನಾನು ಅಜ್ಜಿಯನ್ನು ಕಾಪಾಡಿದೆ, ಅಜ್ಜಿ ನನ್ನನ್ನು ಕಾಪಾಡಿದರು, ಇಬ್ಬರೂ ಸೇರಿ ಬಾವಿಯ ಹುಳವನ್ನು ಕಾಪಾಡಿದೆವು. ಗೇಟಿನ ಹೊರಗೆ ಕೊಡೆ ಹಿಡಿದು ನಿಂತವರಿಗೆ ಕೊಡಲು ನಮ್ಮಲ್ಲಿ ಒಂದು ನಿಜವಾದ ಮಾತು ಉಳಿದಿರಲಿಲ್ಲ. ನಾನು ಊಟ ಬಿಟ್ಟು ಎದ್ದು ಶೀನಣ್ಣನಿಗೆ ಫೋನ್ ಮಾಡಿದೆ.

“ಅವತ್ತು ಕಂಡಿ ಕಟ್ಟಿತ್ತು ಶೀನಣ್ಣ. ನನಗೆ ಗೊತ್ತಿತ್ತು.”

ಆ ಕಡೆ ಕಲ್ಲು ಕೆತ್ತುವ ಸದ್ದು ಕೇಳುತ್ತಿತ್ತು. “ನನಗೆ ಹೇಳಿ ಏನಕ್ಕ? ನನ್ನ ಕೆಲಸ ನನಗೆ ಗೊತ್ತುಂಟು. ಧಣಿಗಳು ಯಾರ್ಯಾರ ಹತ್ರ ಹೇಳಿದ್ದಾರೆ, ಅವರಿಗೆ ಹೇಳಿ.”

“ಒಮ್ಮೆ ಬಂದು ಅಂಚು ಕಟ್ಟಿ ಕೊಡ್ತೀರಾ?”

“ಇಲ್ಲ ಅಕ್ಕ.” ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಪ್ಪ ಯಾರ್ಯಾರಿಗೆ ಆ ಕಥೆ ಹೇಳಿದ್ದು ನನಗೆ ನೆನಪಿದೆಯೋ ಅವರ ಪಟ್ಟಿ ಮಾಡಿದೆ. ಹನ್ನೆರಡು ಹೆಸರು. ನಿನ್ನೆ ಸಂಜೆಯೊಳಗೆ ಏಳು ಮಂದಿ ಸಿಕ್ಕಿದರು, ಬೆಳ್ತಂಗಡಿಯ ನೆಂಟರೂ ಸೇರಿ. ನಾಲ್ವರು “ಹೌದಾ?” ಎಂದರು. ಇಬ್ಬರು ಅಪ್ಪನ ಆರೋಗ್ಯ ವಿಚಾರಿಸಿದರು. ಒಬ್ಬರಿಗೆ ಶೀನಣ್ಣನ ಹೆಸರೇ ನೆನಪಿಲ್ಲ, “ಪಾಣೆಮಂಗಳೂರಿನ ಆ ಮೇಸ್ತ್ರಿ ಬೇಡ” ಎಂಬುದು ಮಾತ್ರ ನೆನಪಿದೆ. ಅದನ್ನು ಅವರು ಇನ್ನಾರಿಗೋ ಹೇಳಿದ್ದಾರಂತೆ. ಯಾರಿಗೆ ಎಂಬುದು ಮರೆತಿದೆ.

ಈಗ ಎಂಟು ಗಂಟೆ. ಅಪ್ಪ ಹೊರಗೆ ಪತ್ರಿಕೆ ಓದುತ್ತಿದ್ದಾರೆ, ನಿನ್ನೆಯಿಂದ ನನ್ನೊಡನೆ ಮಾತಿಲ್ಲ. ಉಳಿದ ಐವರಿಗೆ ಇವತ್ತು ಹೇಳುತ್ತೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯವರೇ, ಕೆಂಪುಕಲ್ಲಿನ ಶೀನ ಕಟ್ಟಿದ ಅಂಚು ನಿಲ್ಲುವುದಿಲ್ಲ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿದ್ದರೆ, ಯಾರಿಂದ ಕೇಳಿದಿರಿ, ಮತ್ತೆ ಯಾರಿಗೆ ಹೇಳಿದಿರಿ, ದಯವಿಟ್ಟು ನನಗೆ ಬರೆಯಿರಿ. ಪಟ್ಟಿಯಲ್ಲಿ ಹದಿಮೂರನೆಯ ಸಾಲಿನಿಂದ ಮುಂದೆ ಪುಟ ಖಾಲಿ ಬಿಟ್ಟಿದ್ದೇನೆ.